ಆ ಕ್ರಾಂತಿ ರಕ್ತರಹಿತವಾಗಿರಲಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಮನೆಗೆ ಪಾಠ ಹೇಳಿಸಿಕೊಳ್ಳಲು ಬರುವ ಹುಡುಗಿಯೊಬ್ಬಳು ಮೊನ್ನೆ ತನ್ನ ಇತಿಹಾಸದ ನೋಟ್ಸ್ ತೋರಿಸಿದಳು. ‘1688ರಲ್ಲಿ ಇಂಗ್ಲೆಂಡಿನಲ್ಲಿ ರಕ್ತರಹಿತ ಕ್ರಾಂತಿ ನಡೆದು ಎರಡನೆಯ ಜೇಮ್ಸ್ ದೊರೆ ಪದಚ್ಯುತನಾದನು’ ಎಂಬ ಒಂದೇ ಸಾಲು, ಅದರ ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು. ಶಿಕ್ಷಕಿಯಾಗಿದ್ದಾಗ ನಾನೂ ಬಹುಕಾಲ ಹೀಗೆಯೇ ಬರೆಸಿದ್ದೇನೆ. ಆ ತಪ್ಪಿನ ನೋವಿನಿಂದಲೇ ಈ ಪತ್ರ.

ಪ್ರಾಟೆಸ್ಟಂಟರ ಇಂಗ್ಲೆಂಡಿನಲ್ಲಿ ಜೇಮ್ಸ್ ಕ್ಯಾಥೊಲಿಕನಾಗಿದ್ದುದೇ ಅವನ ಪತನಕ್ಕೆ ಕಾರಣವೆಂದು ಹೇಳಿ ಮುಗಿಸಿದರೆ ಸಾಲದು. ಪಾರ್ಲಿಮೆಂಟು ಮಾಡಿದ ಕಾನೂನನ್ನು ತನಗೆ ಬೇಕೆಂದಾಗ ಅಮಾನತಿನಲ್ಲಿಡುವ ಅಧಿಕಾರ ತನ್ನದೆಂದು ಅವನು ಸಾಧಿಸಹೊರಟ. ಅಂಥ ಘೋಷಣೆಯೊಂದನ್ನು ಚರ್ಚುಗಳಲ್ಲಿ ಓದಿಸಲು ಒಪ್ಪದೆ ವಿನಯದಿಂದಲೇ ಮನವಿ ಸಲ್ಲಿಸಿದ ಏಳು ಮಂದಿ ಬಿಷಪ್‌ಗಳನ್ನು ಲಂಡನ್ನಿನ ಟವರ್ ಸೆರೆಮನೆಗೆ ತಳ್ಳಿದ. ಜೂನ್ 30ರಂದು ಅವರು ನಿರ್ದೋಷಿಗಳೆಂದು ತೀರ್ಪಾಯಿತು. ಅದೇ ದಿನ ಏಳು ಮಂದಿ ಪ್ರಮುಖರು ದೊರೆಯ ಅಳಿಯನೇ ಆಗಿದ್ದ, ಹಾಲೆಂಡಿನ ಆಡಳಿತಗಾರ ಆರೆಂಜಿನ ವಿಲಿಯಮ್‌ಗೆ ಸೇನೆಯೊಡನೆ ಬರುವಂತೆ ಪತ್ರ ಬರೆದರು. ನವೆಂಬರ್ 5ರಂದು ವಿಲಿಯಮ್ ಇಂಗ್ಲೆಂಡಿನ ಟಾರ್‌ಬೇ ತೀರದಲ್ಲಿಳಿದ. ಡಿಸೆಂಬರಿನ ಒಂದು ರಾತ್ರಿ ಅರಮನೆ ಬಿಟ್ಟು ಹೊರಟ ಜೇಮ್ಸ್ ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದ. ಫೇವರ್‌ಶಾಮ್ ಬಳಿ ಬೆಸ್ತರು ಅವನನ್ನು ಓಡಿಹೋಗುತ್ತಿರುವ ಪಾದ್ರಿಯೆಂದೇ ತಿಳಿದು ಹಿಡಿದು ಮೈ ತಡಕಿದರು. ಕೊನೆಗೆ ಅವನು ಫ್ರಾನ್ಸ್ ಸೇರಿದ.

ಇಂಗ್ಲೆಂಡಿನ ನೆಲದಲ್ಲಿ ಹರಿದ ರಕ್ತ ಕಡಿಮೆ ಎಂಬುದೇನೋ ನಿಜ. ಆದರೆ ಅದೇ ಸಿಂಹಾಸನದ ಜಗಳ ಐರ್ಲೆಂಡಿಗೆ ದಾಟಿ, 1690ರಲ್ಲಿ ಬಾಯ್ನ್ ನದಿಯ ದಡದಲ್ಲಿ ಕದನವಾಯಿತು. ಮರುವರ್ಷ ಆಗ್ರಿಮ್‌ನಲ್ಲಿ ಒಂದೇ ದಿನ ಸಾವಿರಾರು ಜನ ಸತ್ತರು. 1692ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಗ್ಲೆಂಕೋ ಕಣಿವೆಯಲ್ಲಿ, ಹೊಸ ದೊರೆ ವಿಲಿಯಮ್‌ಗೆ ನಿಷ್ಠೆಯ ಪ್ರಮಾಣ ಮಾಡಲು ತಡಮಾಡಿದ ಮ್ಯಾಕ್‌ಡೊನಾಲ್ಡ್ ಕುಲದವರನ್ನು ಅವರ ಮನೆಯಲ್ಲೇ ಉಳಿದು ಅವರ ಅನ್ನ ಉಂಡಿದ್ದ ಸೈನಿಕರೇ ನಸುಕಿನಲ್ಲಿ ಕೊಂದರು. ಇವರೆಲ್ಲರ ರಕ್ತವನ್ನು ಲೆಕ್ಕಕ್ಕೇ ಹಿಡಿಯದ ಹೆಸರನ್ನು ನಮ್ಮ ಮಕ್ಕಳೇಕೆ ಬಾಯಿಪಾಠ ಮಾಡಬೇಕು?

ಆ ಒಂದು ಸಾಲಿನ ಉತ್ತರದಲ್ಲಿ ಬಿಟ್ಟುಹೋಗುವ ಇನ್ನೊಂದು ಸಂಗತಿಯೆಂದರೆ 1689ರ ಹಕ್ಕುಗಳ ಕಾಯ್ದೆ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆ ಹಾಕುವಂತಿಲ್ಲ, ಆ ಒಪ್ಪಿಗೆಯಿಲ್ಲದೆ ಶಾಂತಿಕಾಲದಲ್ಲಿ ಸೇನೆ ಇಟ್ಟುಕೊಳ್ಳುವಂತಿಲ್ಲ, ದೊರೆಗೆ ಮನವಿ ಸಲ್ಲಿಸಿದವರನ್ನು ಶಿಕ್ಷಿಸುವಂತಿಲ್ಲ, ಸದನದೊಳಗಿನ ಮಾತನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು ಅದು ಬರೆದಿಟ್ಟಿತು. ವಿಧಾನಸೌಧದಲ್ಲಿ ನಮ್ಮ ಶಾಸಕರು ಆಡುವ ಮಾತಿಗೆ ಸಂವಿಧಾನದ 194ನೆಯ ವಿಧಿ ನೀಡಿರುವ ರಕ್ಷಣೆಯ ಬೇರು ಅಲ್ಲಿದೆ. ಕಾನೂನಿನ ಅಧಿಕಾರವಿಲ್ಲದೆ ತೆರಿಗೆಯಿಲ್ಲ ಎನ್ನುವ 265ನೆಯ ವಿಧಿಯಲ್ಲೂ ಅದೇ ತತ್ತ್ವವಿದೆ. ಫ್ರೀಡಂ ಪಾರ್ಕಿನಲ್ಲಿ ಮನವಿ ಪತ್ರ ಹಿಡಿದು ಬಿಸಿಲಲ್ಲಿ ಕುಳಿತವರನ್ನು ನೋಡಿದಾಗಲೆಲ್ಲ ನನಗೆ ಆ ಏಳು ಬಿಷಪ್‌ಗಳ ನೆನಪಾಗುತ್ತದೆ. ಇಷ್ಟು ಹತ್ತಿರದ ವಿಷಯವನ್ನು ಎರಡು ಅಂಕದ ಪ್ರಶ್ನೆಯಾಗಿ ಒಣಗಿಸಿಬಿಟ್ಟಿದ್ದೇವೆ.

ಗೈಡ್ ಮತ್ತು ಪ್ರಶ್ನಕೋಶ ಸಿದ್ಧಪಡಿಸುವವರು ‘ರಕ್ತರಹಿತ’ ಎಂಬ ಪದವನ್ನು ಕೈಬಿಡಬೇಕು. ಬಿಡಲಾಗದಿದ್ದರೆ ಐರ್ಲೆಂಡ್, ಸ್ಕಾಟ್ಲೆಂಡುಗಳ ಬಗ್ಗೆ ಒಂದು ವಾಕ್ಯವನ್ನಾದರೂ ಸೇರಿಸಬೇಕು. ಆ ಹುಡುಗಿಯ ನೋಟ್ಸ್‌ನಲ್ಲಿ ಬಾಯ್ನ್, ಆಗ್ರಿಮ್, ಗ್ಲೆಂಕೋ ಹೆಸರುಗಳನ್ನು ನಾನೇ ಬರೆಸಿದ್ದೇನೆ. ಪರೀಕ್ಷೆಯಲ್ಲಿ ಅವಳು ಹಾಗೆಯೇ ಬರೆದರೆ ಅಂಕ ಕಳೆಯಬಾರದೆಂದು ಮೌಲ್ಯಮಾಪಕರಲ್ಲಿ ನನ್ನ ವಿನಂತಿ.

– ನಿವೃತ್ತ ಇತಿಹಾಸ ಶಿಕ್ಷಕಿ, ಬಸವನಗುಡಿ, ಬೆಂಗಳೂರು