ಆ ಚಿತ್ರದ ಎರಡು ಬದಿ ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಎರಡನೇ ಮಹಾಯುದ್ಧದ ಒಂದು ಚಿತ್ರ ಹಾಕಿದ್ದೀರಿ, ಅಮೆರಿಕದ ಸೈನ್ಯ ಫ್ರಾನ್ಸಿನ ನಾರ್ಮಂಡಿ ದಡಕ್ಕೆ ಇಳಿದದ್ದು. ಸೊಂಟದ ತನಕ ನೀರಿನಲ್ಲಿ ಸೈನಿಕರು ದಡದ ಕಡೆ ನಡೆಯುತ್ತಿರುವ ಚಿತ್ರ. ಕೆಳಗೆ ಹೆಸರಾಂತ ಯುದ್ಧ ಫೋಟೋಗ್ರಾಫರ್ ರಾಬರ್ಟ್ ಕಾಪಾ ತೆಗೆದದ್ದು ಎಂದು ಬರೆದಿದ್ದೀರಿ. ಅದು ಕಾಪಾ ಅವರದ್ದಲ್ಲ. ತೆಗೆದವರು ರಾಬರ್ಟ್ ಸಾರ್ಜೆಂಟ್, ಅಮೆರಿಕದ ಕೋಸ್ಟ್ ಗಾರ್ಡಿನ ಫೋಟೋಗ್ರಾಫರ್. 1944ರ ಜೂನ್ 6ರ ಬೆಳಗ್ಗೆ, ನಾರ್ಮಂಡಿಯ ಒಮಾಹಾ ಬೀಚಿನಲ್ಲಿ.

ಹೆಸರು ತಪ್ಪಿದ್ದಕ್ಕಿಂತ ಜಾಸ್ತಿ ಬೇಜಾರಾದದ್ದು ಇನ್ನೊಂದಕ್ಕೆ. ಕಾಲಂ ಅಳತೆಗೆ ಕೂರಿಸಲು ಚಿತ್ರದ ಎರಡೂ ಬದಿ ಕತ್ತರಿಸಿದ್ದೀರಿ. ನಾನು ವಾಸ್ಕೋದಲ್ಲಿ 31 ವರ್ಷ ಸ್ಟುಡಿಯೋ ನಡೆಸಿದವನು. ಕತ್ತರಿ ಆಡಿಸುವ ಅನಿವಾರ್ಯ ನನಗೂ ಗೊತ್ತು. ಆದರೆ ಇಲ್ಲಿ ಹೋದದ್ದು ಸುಮ್ನೆ ಅಂಚಲ್ಲ. ಪೂರ್ತಿ ಚಿತ್ರದಲ್ಲಿ ಎಡಕ್ಕೂ ಬಲಕ್ಕೂ ದೋಣಿಯ ಕಪ್ಪು ಗೋಡೆಗಳಿವೆ. ಎದುರಿಗೆ ಬಾಗಿಲಿನ ಹಾಗೆ ಕೆಳಗೆ ಬಿದ್ದ ಹಲಗೆ. ಅದರ ಮೇಲಿಂದ ಕೊನೆಯವರು ಇಳಿಯುತ್ತಿದ್ದಾರೆ. ಫೋಟೋಗ್ರಾಫರ್ ನಿಂತ ಜಾಗವನ್ನು ಹೇಳುವುದೇ ಆ ಗೋಡೆಗಳು. ಅವನ್ನು ತೆಗೆದರೆ ಯಾರೋ ನೀರಿನಲ್ಲಿ ನಿಂತು ತೆಗೆದ ಹಾಗೆ ಕಾಣುತ್ತದೆ. ಕಾಪಾ ಹೆಸರು ಬಂದದ್ದೂ ಹಾಗೇ ಇರಬೇಕು, ಅಲ್ವಾ?

ಯಾಕೆಂದರೆ ಕಾಪಾ ನಿಜವಾಗಿ ನೀರಿಗೆ ಇಳಿದಿದ್ದರು. ಅದೇ ದಿನ, ಅದೇ ಬೀಚು. ಇಬ್ಬರೂ ಬಂದದ್ದು ಸ್ಯಾಮ್ಯುಯಲ್ ಚೇಸ್ ಎಂಬ ಒಂದೇ ಹಡಗಿನಲ್ಲಿ. ಕಾಪಾ ಪತ್ರಿಕೆಯವರು, ಕೈಯಲ್ಲಿ ಸಣ್ಣ ಕಾಂಟ್ಯಾಕ್ಸ್ ಕ್ಯಾಮೆರಾ. ಸಾರ್ಜೆಂಟ್ ಡ್ಯೂಟಿಯಲ್ಲಿದ್ದ ನಾವಿಕ. ಅವರ ದೋಣಿ ಸೈನಿಕರನ್ನು ಇಳಿಸಿ ಹಡಗಿಗೆ ವಾಪಸ್ ಹೋಗಬೇಕಿತ್ತು. ಹಿಗ್ಗಿನ್ಸ್ ದೋಣಿ ಅಂತಾರೆ, 36 ಅಡಿ ಉದ್ದ, 36 ಸೈನಿಕರು ಹಿಡಿಸುತ್ತಿದ್ದರು, ಬದಿಗಳು ಪ್ಲೈವುಡ್. ಮುಂದಿನ ಹಲಗೆ ಬಿದ್ದ ಮೇಲೆ ಎದುರಿಗೆ ಯಾವ ಮರೆಯೂ ಇಲ್ಲ. ದೋಣಿಯವರು ಕೊನೆಗೆ ನೋಡಿದ್ದು ಬರೀ ಬೆನ್ನುಗಳನ್ನು. ಆ ಚಿತ್ರದಲ್ಲಿ ಇರುವುದೂ ಅದೇ. ನೌಕಾಪಡೆಯ ಫೋಟೋಗ್ರಾಫರುಗಳ ಚಿತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದು, ಕರೆತಂದವರು ಕಂಡ ನೋಟ.

ಆ ಕೆಲಸ ಎಷ್ಟು ಕಷ್ಟ ಅಂತ ನನಗೆ ಒಂದು ಮಳೆಗಾಲದಲ್ಲಿ ಗೊತ್ತಾಯಿತು. ಬೈನಾ ದಡದಲ್ಲಿ ಮೀನುಗಾರರ ದೋಣಿ ಅಲೆ ದಾಟಿ ಬರುವುದನ್ನು ಒಳಗಿನಿಂದಲೇ ತೆಗೆಯಬೇಕು ಅಂತ ಹತ್ತಿದೆ. ನಿಂತರೆ ಕಾಲು ನಿಲ್ಲುವುದಿಲ್ಲ. "ಕೂತ್ಕೋ ಮಾರಾಯ, ಬೀಳ್ತೀಯ" ಅಂತ ಹಿಂದಿನಿಂದ ಕೂಗು. ಲೆನ್ಸ್ ಮೇಲೆ ಹನಿ, ಒರೆಸಿದರೆ ಉಪ್ಪಿನ ಪೊರೆ ಇನ್ನೂ ಹರಡುತ್ತದೆ. ಒಂದು ಅಲೆ ನೇರ ಕ್ಯಾಮೆರಾ ಮೇಲೆ ಬಿತ್ತು. ಮರುದಿನ ಬಿಚ್ಚಿ ನೋಡಿದರೆ ಶಟರ್ ಬ್ಲೇಡುಗಳ ಮೇಲೆ ಆಗಲೇ ಕಂದು ಚುಕ್ಕೆ. 36 ಫ್ರೇಮಿನಲ್ಲಿ ಉಪಯೋಗಕ್ಕೆ ಬಂದದ್ದು ಎರಡು. ಅವೆರಡರಲ್ಲೂ ಸಮುದ್ರ ಓರೆ. ನನ್ನ ಮೇಲೆ ಯಾರೂ ಗುಂಡು ಹಾರಿಸುತ್ತಿರಲಿಲ್ಲ.

ಇನ್ನೊಂದು ಮಾತು. 1943ರ ನವೆಂಬರಿನಲ್ಲಿ ಪೆಸಿಫಿಕ್ಕಿನ ತರಾವಾ ದ್ವೀಪದಲ್ಲಿ ನೀರು ಕಮ್ಮಿ ಇದ್ದು ಅಮೆರಿಕದ ದೋಣಿಗಳು ಹವಳದ ದಿಬ್ಬ ದಾಟಲಿಲ್ಲ. ಸೈನಿಕರು ನೂರಾರು ಗಜ ನೀರಿನಲ್ಲೇ ನಡೆದರು, ಗುಂಡಿನ ಎದುರಿಗೆ. ಇಂಥ ಚಿತ್ರದಲ್ಲಿ ಮುಕ್ಕಾಲು ಪಾಲು ನೀರೇ ಇದ್ದರೂ ಅದು ಖಾಲಿ ಜಾಗವಲ್ಲ. ಅವರು ನಡೆಯಬೇಕಾಗಿದ್ದ ದೂರ ಅದು.

ನಾರ್ಮಂಡಿ ದೂರವಾಯಿತು ಅನ್ನಬಹುದು. ಅಂಜುದ್ವೀಪ ದೂರವಲ್ಲ, ಕಾರವಾರದ ಹತ್ತಿರದ ಪುಟ್ಟ ದ್ವೀಪ, 1961ರ ತನಕ ಪೋರ್ಚುಗೀಸರ ಕೈಯಲ್ಲಿತ್ತು. ನಾನು ಹುಟ್ಟಿದ್ದು ಕಾರವಾರದ ಹತ್ತಿರದ ಬಿಣಗಾದಲ್ಲಿ. 1961ರ ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲ್ ಹಡಗಿನಿಂದ ನಮ್ಮ ನಾವಿಕರು ದೋಣಿಗಳಲ್ಲಿ ಅಲ್ಲಿಗೆ ಹೋಗಿ ಇಳಿದರು. ಐಎನ್‌ಎಸ್ ಮೈಸೂರ್ ಜೊತೆಗಿತ್ತು. ಏಳು ನಾವಿಕರು ವಾಪಸ್ ಬರಲಿಲ್ಲ. ಇಲ್ಲಿ ವಾಸ್ಕೋದ ಐಎನ್‌ಎಸ್ ಗೋಮಂತಕದಲ್ಲಿ ಅವರ ಸ್ಮಾರಕವಿದೆ. ಅಪ್ಪ ಆ ದಿನ ಫಿರಂಗಿ ಸದ್ದು ಕೇಳಿ ಅಂಗಡಿ ಬಾಗಿಲು ಹಾಕಿಕೊಂಡು ದಡಕ್ಕೆ ಓಡಿದ್ದನ್ನು ಸಾಯುವ ತನಕ ಹೇಳುತ್ತಿದ್ದರು. ಒಮಾಹಾದ ಚಿತ್ರ ನಮ್ಮ ಮಕ್ಕಳ ಮೊಬೈಲಿನಲ್ಲೂ ಇದೆ. ಅಂಜುದ್ವೀಪಕ್ಕೆ ದೋಣಿ ಇಳಿದ ಒಂದೇ ಒಂದು ಚಿತ್ರವನ್ನು ನಾನು ಯಾವ ಕನ್ನಡ ಪತ್ರಿಕೆಯಲ್ಲೂ ನೋಡಿಲ್ಲ.

ಅದಕ್ಕೇ ಕೇಳುತ್ತೇನೆ. ಸಾರ್ಜೆಂಟ್ ಚಿತ್ರವನ್ನು ಪೂರ್ತಿಯಾಗಿ, ಅವರ ಹೆಸರಿನೊಂದಿಗೆ ಮತ್ತೊಮ್ಮೆ ಹಾಕಿ. ಡಿಸೆಂಬರ್ 19ರ ಗೋವಾ ವಿಮೋಚನಾ ದಿನದ ಸಂಚಿಕೆಗೆ ಕಾರವಾರ, ಅಂಕೋಲಾ, ವಾಸ್ಕೋದ ಓದುಗರಿಂದ ಹಳೆಯ ಫೋಟೋ ಕೇಳಿ. ನೌಕಾಪಡೆಯಲ್ಲಿದ್ದ ಅಜ್ಜ, ಮಾವಂದಿರ ಟ್ರಂಕಿನಲ್ಲಿ ಇದ್ದೇ ಇರುತ್ತವೆ. ಸ್ಟುಡಿಯೋ ಮುಚ್ಚಿದ್ದೇನೆ, ಸ್ಕ್ಯಾನರ್ ಮನೆಯಲ್ಲೇ ಇದೆ. ದುಡ್ಡು ಬೇಡ, ನಾನೇ ಸ್ಕ್ಯಾನ್ ಮಾಡಿ ಕೊಡುತ್ತೇನೆ. ಯಾರೂ ಅಂಚು ಕತ್ತರಿಸಿ, ಒರೆಸಿ ಕಳಿಸುವುದು ಬೇಡ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಏನಾದರೂ ಬರೆದಿದ್ದರೆ ಆ ಬದಿಯನ್ನೂ ಸ್ಕ್ಯಾನ್ ಮಾಡುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗ, ನಿವೃತ್ತ ಛಾಯಾಗ್ರಾಹಕ
ವಾಸ್ಕೋ, ಗೋವಾ