ಸಹಿಯ ಜೊತೆಗೆ ಕಾಯ್ದೆಯನ್ನೂ ಅಚ್ಚು ಹಾಕಿ

ಮಾನ್ಯರೇ,

ಅಮೆರಿಕದ ಅಧ್ಯಕ್ಷರು ಯಾವುದಾದರೂ ಆದೇಶಕ್ಕೆ ಸಹಿ ಹಾಕಿದರೆ ಮರುದಿನ ನಮ್ಮ ಪತ್ರಿಕೆಗಳಲ್ಲಿ ಅವರು ಕಡತ ಎತ್ತಿ ತೋರಿಸುವ ಚಿತ್ರ ಬರುತ್ತದೆ. ಅವರು ಹಠಮಾರಿಯೋ, ಮುತ್ಸದ್ದಿಯೋ ಎಂಬ ವಿಶ್ಲೇಷಣೆ ಬರುತ್ತದೆ. ಯಾವ ಕಾಯ್ದೆಯ ಯಾವ ಕಲಮಿನ ಬಲದ ಮೇಲೆ ಸಹಿ ಬಿತ್ತು ಎಂಬ ಒಂದು ಸಾಲು ಮಾತ್ರ ಹುಡುಕಿದರೂ ಸಿಗುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಡೊನಾಲ್ಡ್ ಟ್ರಂಪ್ ವಿದೇಶಿ ಪರಿಣತರು ಅಲ್ಲಿ ಕೆಲಸ ಮಾಡಲು ಬೇಕಾದ ಎಚ್‌–1ಬಿ ವೀಸಾದ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿದಾಗಲೂ ಹೀಗೇ ಆಯಿತು. ಮಕ್ಕಳನ್ನು ಅಲ್ಲಿಗೆ ಕಳಿಸಿರುವ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ದಿಗಿಲೋ ದಿಗಿಲು. ಸುದ್ದಿಯೆಲ್ಲ ಟ್ರಂಪ್ ಸುತ್ತಲೇ ಗಿರಕಿ ಹೊಡೆಯಿತು. ಆ ಅಧಿಕಾರ ಅವರ ಕೈಗೆ ಬಂದದ್ದು ಎಲ್ಲಿಂದ? ಅದಕ್ಕೆ 1952ರ ಜೂನ್ ತಿಂಗಳಿಗೆ ಹೋಗಬೇಕು.

ಆಗ ಹ್ಯಾರಿ ಟ್ರೂಮನ್ ಅಧ್ಯಕ್ಷರು. ಕೊರಿಯಾದಲ್ಲಿ ಯುದ್ಧ, ಇತ್ತ ಉಕ್ಕಿನ ಕಾರ್ಮಿಕರು ಮುಷ್ಕರದ ಹೊಸ್ತಿಲಲ್ಲಿ. ಮುಷ್ಕರ ಶುರುವಾಗಲು ಕೆಲವೇ ಗಂಟೆಗಳಿವೆ ಎನ್ನುವಾಗ, ಏಪ್ರಿಲ್ 8ರ ರಾತ್ರಿ, ದೇಶದ ಬಹುತೇಕ ಉಕ್ಕಿನ ಕಾರ್ಖಾನೆಗಳನ್ನು ಅವರು ಸರ್ಕಾರದ ವಶಕ್ಕೆ ತೆಗೆದುಕೊಂಡರು. ರಣರಂಗದಲ್ಲಿರುವ ಸೈನಿಕರಿಗೆ ಮದ್ದುಗುಂಡು ತಪ್ಪಬಾರದು ಎಂಬುದು ಅವರ ವಾದ. ವಾದವೇನೋ ಸರಿ, ಬೆನ್ನಿಗೆ ಕಾಯ್ದೆಯೇ ಇರಲಿಲ್ಲ. 1947ರ ಟಾಫ್ಟ್–ಹಾರ್ಟ್ಲಿ ಎಂಬ ಕಾರ್ಮಿಕ ಕಾಯ್ದೆಯಡಿ ಮುಷ್ಕರವನ್ನು 80 ದಿನ ತಡೆಯಬಹುದಿತ್ತು. ಆದರೆ ಅದು ಟ್ರೂಮನ್ ವಿಟೊ ಮಾಡಿದರೂ, ಅಂದರೆ ಸಹಿ ಹಾಕದೆ ತಿರಸ್ಕರಿಸಿದರೂ, ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಜಗ್ಗದೆ ಜಾರಿಗೆ ತಂದಿದ್ದ ಕಾಯ್ದೆ. ಅದನ್ನು ಮುಟ್ಟಲು ಅವರಿಗೆ ಮನಸ್ಸಿರಲಿಲ್ಲ.

ಜೂನ್ 2ರಂದು ಸುಪ್ರೀಂ ಕೋರ್ಟ್ 6–3ರಲ್ಲಿ ಟ್ರೂಮನ್ ಆದೇಶವನ್ನು ರದ್ದು ಮಾಡಿತು. ಪೀಠದಲ್ಲಿದ್ದ ಒಂಬತ್ತೂ ಮಂದಿ ಒಂದೋ ಹಿಂದಿನ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ನೇಮಿಸಿದವರು, ಇಲ್ಲವೇ ಸ್ವತಃ ಟ್ರೂಮನ್ ನೇಮಿಸಿದವರು! ಟ್ರೂಮನ್ ಸಂಪುಟದಲ್ಲೇ ಅಟಾರ್ನಿ ಜನರಲ್ ಆಗಿದ್ದ ಟಾಮ್ ಕ್ಲಾರ್ಕ್ ಕೂಡ ವಿರುದ್ಧವಾಗಿಯೇ ನಿಂತರು. ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಪ್ರತ್ಯೇಕವಾಗಿ ಬರೆದ ಸಹಮತದ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಕಾಂಗ್ರೆಸ್ ಒಪ್ಪಿಗೆ ಇದ್ದಾಗ ಅಧ್ಯಕ್ಷರ ಬಲ ಗರಿಷ್ಠ, ಅದು ಸುಮ್ಮನಿದ್ದಾಗ ಮಬ್ಬು ಮಬ್ಬು, ಅದರ ಇಚ್ಛೆಗೆ ವಿರುದ್ಧ ಹೋದಾಗ ಕನಿಷ್ಠ ಎಂಬುದು ಅವರು ಹಾಕಿಕೊಟ್ಟ ಲೆಕ್ಕ. ಟ್ರೂಮನ್‌ಗೆ ತೀರ್ಪು ರುಚಿಸಲಿಲ್ಲ, ಆದರೂ ಕಾರ್ಖಾನೆಗಳನ್ನು ತಡಮಾಡದೆ ಮಾಲೀಕರಿಗೆ ಒಪ್ಪಿಸಿದರು. ಮುಷ್ಕರ ಏಳು ವಾರಕ್ಕೂ ಹೆಚ್ಚು ನಡೆಯಿತು.

ಅದೇ ಜೂನ್ 27ರಂದು ಇನ್ನೊಂದು ಘಟನೆ. ಹೊಸ ವಲಸೆ ಮಸೂದೆಯನ್ನು ಟ್ರೂಮನ್ ಎರಡೇ ದಿನ ಹಿಂದೆ ವಿಟೊ ಮಾಡಿದ್ದರು. ಹುಟ್ಟಿದ ನಾಡು ನೋಡಿ ಜನರನ್ನು ಅಳೆಯುವ ಕೋಟಾ ಪದ್ಧತಿ ಅದರಲ್ಲಿ ಮುಂದುವರಿದಿದೆ ಎಂಬುದು ಅವರ ಆಕ್ಷೇಪ. (ಭಾರತೀಯರಿಗೆ ವರ್ಷಕ್ಕೆ 100 ಜನರ ಕೋಟಾ ಕೊಟ್ಟ 1946ರ ಕಾಯ್ದೆಗೆ ಸಹಿ ಹಾಕಿದವರೂ ಅವರೇ. ನೂರೇ ನೂರು! ಅದಕ್ಕೆ ಮೊದಲು ಅದೂ ಇರಲಿಲ್ಲ.) ಕಾಂಗ್ರೆಸ್ ಮೂರನೇ ಎರಡು ಬಹುಮತದಿಂದ ವಿಟೊ ತಳ್ಳಿಹಾಕಿ ಮಸೂದೆಯನ್ನು ಕಾಯ್ದೆ ಮಾಡಿತು. ಅದರ 212ನೇ ಕಲಮಿನಲ್ಲೊಂದು ಸಣ್ಣ ಉಪಕಲಮು: ಯಾವುದೇ ವರ್ಗದ ವಿದೇಶಿಯರ ಪ್ರವೇಶ ದೇಶದ ಹಿತಕ್ಕೆ ಬಾಧಕ ಎಂದು ಅಧ್ಯಕ್ಷರಿಗೆ ಕಂಡರೆ, ತಮಗೆ ಅಗತ್ಯವೆನಿಸಿದಷ್ಟು ಕಾಲ ಅದನ್ನು ತಡೆಯಬಹುದು, ನಿರ್ಬಂಧಿಸಲೂಬಹುದು. ಕೋರ್ಟು ಅಧ್ಯಕ್ಷರ ಕೈಯಿಂದ ಒಂದು ಅಧಿಕಾರ ಕಿತ್ತುಕೊಂಡ ತಿಂಗಳಲ್ಲೇ ಕಾಂಗ್ರೆಸ್ ಇನ್ನೊಂದನ್ನು, ಅದೂ ವಿಟೊ ಮಾಡಿದವರ ಕೈಗೇ, ತುರುಕಿತು. 2017ರಲ್ಲಿ ಟ್ರಂಪ್ ಕೆಲವು ದೇಶಗಳ ಜನರ ಪ್ರವೇಶ ತಡೆದದ್ದು ಇದೇ ಉಪಕಲಮಿನಡಿ; ಮರುವರ್ಷ ಸುಪ್ರೀಂ ಕೋರ್ಟ್ 5–4ರಲ್ಲಿ ಅದನ್ನು ಎತ್ತಿಹಿಡಿಯಿತು. ಎಚ್‌–1ಬಿ ಶುಲ್ಕದ ಘೋಷಣೆಗೂ ಇದೇ ಆಧಾರ.

ಲಿಂಕನ್ 1861ರಲ್ಲಿ, ಅಂತರ್ಯುದ್ಧದ ವೇಳೆ, ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಹಕ್ಕನ್ನು ಕಾಯ್ದೆಯಿಲ್ಲದೆ ತಾವೇ ಅಮಾನತು ಮಾಡಿದರಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಮಾಡಿದರು. ಅದನ್ನು ಕಾಂಗ್ರೆಸ್ ಮುಂದಿಟ್ಟು ಸಮರ್ಥಿಸಿಕೊಳ್ಳಬೇಕಾಯಿತು, 1863ರಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು. ರೂಸ್‌ವೆಲ್ಟ್ ಅವರಷ್ಟು ಜನಪ್ರಿಯರು 1937ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಸಂಖ್ಯೆ ಹೆಚ್ಚಿಸಲು ಹೊರಟರೆ ಸ್ವಪಕ್ಷದವರೇ ಅಡ್ಡಗಾಲು ಹಾಕಿದರು.

ಕೊಟ್ಟದ್ದನ್ನು ಕಾಂಗ್ರೆಸ್ ವಾಪಸು ಪಡೆಯಬಾರದೇ? ಇಲ್ಲೇ ಇರುವುದು ತೊಡಕು. ಕೆನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದ ಜಗದೀಶ್ ರಾಯ್ ಛಡ್ಡಾ ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕಕ್ಕೆ ಹೋದವರು. ವೀಸಾ ಮುಗಿದ ಮೇಲೆ ಅವರನ್ನು ಹೊರಹಾಕದಿರಲು ವಲಸೆ ಇಲಾಖೆ ಒಪ್ಪಿತ್ತು. 1975ರ ಡಿಸೆಂಬರ್‌ನಲ್ಲಿ ಕೆಳಮನೆ ತಾನೊಂದೇ ನಿರ್ಣಯ ಮಾಡಿ ಆ ತೀರ್ಮಾನವನ್ನು ಬುಡಮೇಲು ಮಾಡಿತು. ಅವರು ಕೋರ್ಟಿಗೆ ಹೋದರು. ಅಧ್ಯಕ್ಷರ ಮುಂದೆ ಹೋಗದ ಇಂಥ ನಿರ್ಣಯಗಳು ಸಂವಿಧಾನಬಾಹಿರ ಎಂದು 1983ರಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ ಹೇಳಿತು. ಛಡ್ಡಾ ಅಲ್ಲೇ ಉಳಿದರು. ಆದರೆ ಅಧಿಕಾರ ಕೊಡುವಾಗ ಕಾಂಗ್ರೆಸ್ ತನ್ನ ಕೈಯಲ್ಲಿ ಉಳಿಸಿಕೊಂಡಿದ್ದ ಲಗಾಮು ತುಂಡಾಯಿತು. ಅಮೆರಿಕದ 1976ರ ತುರ್ತುಸ್ಥಿತಿ ಕಾಯ್ದೆಯ ಪ್ರಕಾರ ಅಧ್ಯಕ್ಷರ ಸಹಿ ಇಲ್ಲದೆಯೇ ಎರಡೂ ಸದನ ಸೇರಿ ತುರ್ತುಸ್ಥಿತಿ ಕೊನೆಗೊಳಿಸಬಹುದಿತ್ತು. ಈ ತೀರ್ಪಿನ ನಂತರ ಅಂಥ ನಿರ್ಣಯವೂ ಅಧ್ಯಕ್ಷರ ಮೇಜಿಗೇ ಹೋಗಬೇಕಾಯಿತು. 2019ರಲ್ಲಿ ಗಡಿ ಗೋಡೆಗಾಗಿ ಟ್ರಂಪ್ ಸಾರಿದ ತುರ್ತುಸ್ಥಿತಿಯನ್ನು ಎರಡೂ ಸದನಗಳು ಬೇಡವೆಂದವು, ಟ್ರಂಪ್ ವಿಟೊ ಮಾಡಿದರು, ಅದನ್ನು ಮೀರುವ ಬಹುಮತ ಒದಗಲಿಲ್ಲ.

ವ್ಯಕ್ತಿ ಲೆಕ್ಕಕ್ಕೇ ಇಲ್ಲ ಎನ್ನುತ್ತಿಲ್ಲ. 212ನೇ ಕಲಮು ಹಲವು ಅಧ್ಯಕ್ಷರ ಕೈಯಲ್ಲಿತ್ತು, ಎಲ್ಲರೂ ಅದನ್ನು ಒಂದೇ ರೀತಿ ಬೀಸಲಿಲ್ಲ. ಆದರೆ ಬರೀ ಸ್ವಭಾವದ ವರದಿ ಓದಿದವರು, ಈ ಅಧ್ಯಕ್ಷರು ಹೋದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಕೂರುತ್ತಾರೆ. ಆ ಶುಲ್ಕದ ಘೋಷಣೆಗೆ 12 ತಿಂಗಳ ಅವಧಿ ನಮೂದಿಸಲಾಗಿತ್ತು, ಬೇಕಿದ್ದರೆ ವಿಸ್ತರಿಸುವ ಅವಕಾಶದೊಂದಿಗೆ. ಉಪಕಲಮಿಗೆ ಅಂಥ ಅವಧಿಯೇನೂ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಮುಂದೆ ಅಮೆರಿಕದಿಂದ ಇಂಥ ಆದೇಶದ ಸುದ್ದಿ ಬಂದಾಗ ವಿದೇಶ ಪುಟದಲ್ಲಿ ಎರಡು ಸಾಲಿನ ಬಾಕ್ಸ್ ಹಾಕಿ: ಯಾವ ಕಾಯ್ದೆ, ಎಷ್ಟನೇ ಇಸವಿಯದು, ಯಾವ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ. ಫೋಟೊ ಸ್ವಲ್ಪ ಚಿಕ್ಕದಾದರೂ ಅಡ್ಡಿಯಿಲ್ಲ.

– ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ