ಚಿಲ್ಲರೆ ಖರ್ಚಿಗೂ ಲೆಕ್ಕವಿರಲಿ

ಮಾನ್ಯ ಸಂಪಾದಕರೇ,

ಮೊಬೈಲ್‌ನಲ್ಲಿ ಹಣ ಪಾವತಿಸುವ ಅನುಕೂಲ ಬಂದ ಮೇಲೆ ಹತ್ತು ಇಪ್ಪತ್ತು ರೂಪಾಯಿ ಕೈಬಿಟ್ಟು ಹೋಗುವುದು ಗೊತ್ತೇ ಆಗುತ್ತಿಲ್ಲ. ನಮ್ಮ ತಾಯಿ ದಿನಸಿ ಲೆಕ್ಕ ಬರೆಯುತ್ತಿದ್ದಂಥದೇ ಒಂದು ನೋಟ್‌ಬುಕ್ಕಿನಲ್ಲಿ ಕಳೆದ ತಿಂಗಳು ದಿನದಿನದ ಖರ್ಚನ್ನು ಬರೆದಿಟ್ಟಾಗ, ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನು ಮನೆಗೆ ತರಿಸಿಕೊಳ್ಳಲು ಸೊಪ್ಪಿನ ಬೆಲೆಗಿಂತ ಹೆಚ್ಚಿನ ಶುಲ್ಕ ತೆತ್ತಿರುವುದು ಕಂಡು ನಾಚಿಕೆಯಾಯಿತು. ಸೊಪ್ಪಿನವರು ನಮ್ಮ ಬೀದಿಯ ಕೊನೆಯಲ್ಲೇ ಕೂತಿರುತ್ತಾರೆ!

ಹುರುಳಿ, ಕಡಲೆ, ಅಲಸಂದೆಯನ್ನು ರಾತ್ರಿಯೇ ನೆನೆಹಾಕಿ, ಕುಕ್ಕರ್ ಕೂಗಿದೊಡನೆ ಉರಿ ತಗ್ಗಿಸಿದರೆ 14.2 ಕಿಲೋ ಸಿಲಿಂಡರ್ ಇನ್ನಷ್ಟು ದಿನ ಬರುತ್ತದೆ. ವಿದ್ಯುತ್ತಿನ ವಿಷಯದಲ್ಲಿ ನಮ್ಮ ಉದಾಸೀನ ಇನ್ನೂ ಹೆಚ್ಚು. ಗೃಹಜ್ಯೋತಿ ಇದೆಯೆಂದು ಧಾರಾಳವಾಗಿ ಬಳಸಿ, ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕಾಗುತ್ತದೆ ಎಂಬುದನ್ನು ಹಲವರು ಮರೆತಂತಿದೆ. 2 ಕಿಲೋವ್ಯಾಟ್‌ನ ಗೀಸರ್ ಅರ್ಧ ಗಂಟೆ ಕಾದರೆ 1 ಯೂನಿಟ್ ಮುಗಿಯಿತು. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಅಷ್ಟೇ ವಿದ್ಯುತ್ತಿನಲ್ಲಿ ನೂರು ಗಂಟೆಗೂ ಮಿಕ್ಕಿ ಉರಿಯುತ್ತದೆ. ಹೀಗಾಗಿ ಬೆಳಗ್ಗೆ ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಬೇಕೆಂದು ನಮ್ಮ ಮನೆಯಲ್ಲಿ ನಿಯಮ ಮಾಡಿದ್ದೇನೆ. ಮಕ್ಕಳು ಇದನ್ನು ಜಿಪುಣತನವೆಂದು ನಗುತ್ತಾರೆ, ನಗಲಿ.

– ಒಬ್ಬ ಗೃಹಿಣಿ, ಶಿವಮೊಗ್ಗ